ಮುರುಕು ಕಂಪನಿಯ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಮೊದಲು ಪರದೆ ಹೊಲಿಯುತ್ತಿದ್ದಳು. ಕಿಟಕಿಯ ಪರದೆ, ಕುರ್ಚಿಯ ಗವಸು, ಅಂಗಡಿಗಳ ಮುಂದೆ ಬಿಸಿಲಿಗೆ ಅಡ್ಡ ಕಟ್ಟುವ ದಪ್ಪ ಬಟ್ಟೆ, ಎಲ್ಲವೂ ಅವಳ ಕೈಯಿಂದ ಬರುತ್ತಿದ್ದವು. ಬೀಗ ರಿಪೇರಿಯವನ ಅಂಗಡಿಯ ಮೇಲೆ ಅವರ ಮನೆ. ಎರಡೇ ಕೋಣೆ. ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಯಂತ್ರ ಕಿಟಕಿಗೆ ಮುಖ ಮಾಡಿ ಕೂತಿತ್ತು. ಹಿಂದಿನ ಕೋಣೆಯಲ್ಲಿ ಸಂಸಾರ. ಬಟ್ಟೆಯ ಸುರುಳಿಗಳು ಮಾತ್ರ ಈ ಗಡಿಯನ್ನು ಒಪ್ಪುತ್ತಿರಲಿಲ್ಲ. ಮಂಚದ ಕೆಳಗೆ, ಬೀರುವಿನ ತಲೆಯ ಮೇಲೆ, ಬಾಗಿಲ ಮರೆಯಲ್ಲಿ ಎಲ್ಲಿ ನೋಡಿದರೂ ಅವೇ. ನಾನು ಚಿಕ್ಕವಳಿದ್ದಾಗ ಆ ಮನೆಗೆ ಹೋದರೆ ಕೂರಲು ಜಾಗ ಹುಡುಕುವುದೇ ಒಂದು ಆಟ.

ದೊಡ್ಡಪ್ಪ ಸಿಟಿ ಬಸ್ಸಿನ ಡ್ರೈವರ್. ಹೆಂಡತಿಯಷ್ಟೇ ಅವನಿಗೆ ಇಷ್ಟವಾದ ಇನ್ನೊಂದು ವಸ್ತು ಸೈಕಲ್. ಬೆಳಗಿನ ಪಾಳಿಗೆ ಡಿಪೋಗೆ ಹೋಗುವುದು ಸೈಕಲ್ಲಿನಲ್ಲೇ, ರಜೆ ಬಂದರೆ ಹೊಳೆದಂಡೆಯ ರಸ್ತೆಯಲ್ಲಿ ಸುತ್ತುವುದೂ ಸೈಕಲ್ಲಿನಲ್ಲೇ. ಆದರೆ ಬಸ್ಸಿನ ಕುರ್ಚಿ ಅವನ ಬೆನ್ನನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತ್ತು. ಕೊನೆಗೆ ಕತ್ತು ಕೂಡ ಹಿಡಿದುಕೊಂಡಿತು. ಡಾಕ್ಟರು, "ಬಸ್ಸು ಸಾಕು. ಬಗ್ಗಿ ಹ್ಯಾಂಡಲ್ ಹಿಡಿಯೋ ಸೈಕಲ್ಲೂ ಬೇಡ," ಅಂದುಬಿಟ್ಟರು. ಬಸ್ಸು ಬಿಡಲು ಅವನಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಸೈಕಲ್ಲು ಬೇಡ ಅಂದದ್ದಕ್ಕೆ ಮುಖ ಇಳಿಯಿತು.

ಮನೆಯಲ್ಲಿ ಕೂತ ಗಂಡಸಿಗೆ ಕೆಲಸವೇನು? ದೊಡ್ಡಮ್ಮನ ಯಂತ್ರದ ಪಕ್ಕ ಸ್ಟೂಲು ಹಾಕಿಕೊಂಡು ಹೊಲಿಗೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದ.

"ಎಡಕ್ಕೆ ಹೋಗ್ತಿದೆ ನೋಡು."

"ಹೋಗ್ಲಿ."

"ಮುಂದೆ ತಿರುವಿದೆ, ನಿಧಾನ."

"ರೀ, ಇದು ಪರದೆ. ಬಸ್ಸಲ್ಲ," ಎಂದು ದೊಡ್ಡಮ್ಮ ಯಂತ್ರ ನಿಲ್ಲಿಸಿದಳು. "ನೀವು ಹೀಗೇ ಪಕ್ಕದಲ್ಲಿ ಕೂತ್ರೆ ಒಂದು ದಿನ ಟಿಕೆಟ್ ಕೇಳಿಬಿಡ್ತೀನಿ."

ಅದೇ ಕಿಟಕಿಯಿಂದಲೇ ಒಂದು ಬೆಳಿಗ್ಗೆ ಇಬ್ಬರೂ ಆ ವಿಚಿತ್ರವನ್ನು ಕಂಡರು. ಒಬ್ಬ ದಪ್ಪ ಮನುಷ್ಯ ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಒರಗಿಕೊಂಡು, ಕಾಲುಗಳನ್ನು ಮುಂದಕ್ಕೆ ಚಾಚಿ, ಪೆಡಲು ತುಳಿಯುತ್ತ ಬೀದಿಯಲ್ಲಿ ಸರ್ರನೆ ಹೋದ. ಕತ್ತು ಬಗ್ಗಿರಲಿಲ್ಲ, ಬೆನ್ನು ಸೀಟಿಗೆ ಆನಿಕೊಂಡಿತ್ತು, ಮುಖದ ಮೇಲೆ ಊಟ ಮುಗಿಸಿದವನ ನೆಮ್ಮದಿ.

"ಅದು ಸೈಕಲ್ಲೋ ಮಂಚಾನೋ?" ಎಂದಳು ದೊಡ್ಡಮ್ಮ.

ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೂ ದೊಡ್ಡಪ್ಪನ ಕಣ್ಣು ತಿರುವಿನಲ್ಲೇ ಇತ್ತು. ಅದನ್ನು ನೋಡಿ ದೊಡ್ಡಮ್ಮ ಮನಸ್ಸಿನಲ್ಲೇ ಏನೋ ತೀರ್ಮಾನ ಮಾಡಿದಳು.

ಮಾರನೆಯ ದಿನ ಅವಳು ಒಬ್ಬಳೇ ದೊಡ್ಡ ಸೈಕಲ್ ಅಂಗಡಿಗೆ ಹೋದಳು. ಅಂಗಡಿಯವನು ವಿವರಿಸಿದ. ಅದಕ್ಕೆ ಒರಗು ಸೈಕಲ್ ಅನ್ನುತ್ತಾರೆ, ಮಾಡುವವರು ಕಡಿಮೆ. ಕೊಕ್ಕರೆ ಗುರುತಿನ ಕಂಪನಿ ಇದೆಯಲ್ಲ, ಅದು ಎಲ್ಲರಿಗಿಂತ ದೊಡ್ಡದು, ಹೆಸರು ಕೇಳಿದರೆ ಸಾಕು, ಜನ ತಲೆದೂಗುತ್ತಾರೆ. ಇನ್ನೊಂದು ಇದೇ ಊರಿನದು, ಹೊಳೆಯಾಚೆ, ಬಸವನಹುಳು ಗುರುತು.

"ಅದು ಹೇಗೆ?"

ಅಂಗಡಿಯವನು ನಕ್ಕ. "ಅದಾ? ಅದನ್ನ ಇಲ್ಲಿ ಎಲ್ರೂ ಮುರುಕು ಕಂಪನಿ ಅಂತಾರೆ. ಓಡ್ತಾ ಓಡ್ತಾ ನಡು ಮುರಿದು ಎರಡು ಭಾಗ ಆಗುತ್ತಂತೆ. ನಿಮ್ಮ ಯಜಮಾನ್ರ ಬೆನ್ನು ಸರಿ ಇದ್ಯಾ?"

"ಅದೂ ಮುರುಕೇ."

"ಹಾಗಾದ್ರೆ ಬೇಡ ಬಿಡಿ. ಎರಡು ಮುರುಕು ಒಂದು ಕಡೆ ಸೇರಬಾರ್ದು."

ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಹಲ್ಲಿನ ಡಾಕ್ಟರು ತಮ್ಮ ಹಳೆಯ ಕೊಕ್ಕರೆಯನ್ನು ಮಾರುತ್ತಿದ್ದಾರೆ ಎಂದು ಅಂಗಡಿಯವನೇ ಹೇಳಿದ. ಹೀಗೆ ಆ ಉದ್ದನೆಯ ನೀಲಿ ಸೈಕಲ್ಲು ಬೀಗದ ಅಂಗಡಿಯ ಪಕ್ಕದ ಮೆಟ್ಟಿಲ ಕೆಳಗೆ ಬಂದು ಸೇರಿತು.

ಕಲಿಯುವುದು ಮಾತ್ರ ಸುಲಭವಿರಲಿಲ್ಲ. ಮಾರುಕಟ್ಟೆಯ ಹಿಂದಿನ ಖಾಲಿ ಬಯಲಿನಲ್ಲಿ ದೊಡ್ಡಪ್ಪ ಒರಗಿದ, ತುಳಿದ, ಬಿದ್ದ. ಮತ್ತೆ ಒರಗಿದ, ಮತ್ತೆ ಬಿದ್ದ. ಇಡೀ ಊರಿನ ಬಸ್ಸು ನಡೆಸಿದವನಿಗೆ ಈ ಎರಡು ಚಕ್ರ ಮಣಿಯಲಿಲ್ಲ. ಬಯಲಿನ ನಾಯಿಗಳು ಬೊಗಳಬೇಕೋ ಬೇಡವೋ ಗೊತ್ತಾಗದೆ ಸುಮ್ಮನೆ ಹಿಂದೆ ಹಿಂದೆ ನಡೆದವು. ಕೊನೆಗೆ, ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವುದನ್ನು ಬಿಟ್ಟು ಬೆನ್ನನ್ನು ಪೂರ್ತಿ ಸೀಟಿಗೆ ಕೊಟ್ಟ ಗಳಿಗೆಯಲ್ಲಿ, ಸೈಕಲ್ಲು ನೆಟ್ಟಗೆ ಓಡಿತು. ಬಯಲಿನ ಆ ತುದಿಯಿಂದ ಅವನ ಕೂಗು ಕೇಳಿಸಿತು: "ಕೂತು ಓಡಿಸಿದ್ದಾಯ್ತು, ಈಗ ಮಲಗಿ ಓಡಿಸ್ತಿದ್ದೀನಿ! ಮುಂದಿನ ಬಡ್ತಿ ಏನೋ!"

ಅಂದಿನಿಂದ ಬೀದಿಯವರು ಅವನನ್ನು 'ಮಲಗಿದ ಡ್ರೈವರ್' ಎಂದರು. ಅವನಿಗೆ ಅದು ಬಿರುದಿನ ಹಾಗೇ ಇತ್ತು.

ಮರುವರ್ಷ ಸೀಟಿನ ಬಲೆ ಬಟ್ಟೆ ಜೋತುಬಿದ್ದು ಅಂಚಿನಲ್ಲಿ ಹರಿಯಿತು. ದೊಡ್ಡಮ್ಮ ಕೊಕ್ಕರೆ ಕಂಪನಿಗೆ ಫೋನ್ ಮಾಡಿದಳು. ಒಂದು ಸಿಹಿ ದನಿ ಅವಳನ್ನು ಇನ್ನೊಂದು ಸಿಹಿ ದನಿಗೆ ಒಪ್ಪಿಸಿತು, ಅದು ಮತ್ತೊಂದಕ್ಕೆ. ನಡುನಡುವೆ ಸಂಗೀತ. ಕಡೆಯ ದನಿ, ಆ ಮಾದರಿ ನಿಂತುಹೋಗಿದೆ, ಸೀಟು ಸಿಗುವುದಿಲ್ಲ, ಹೊಸ ಸೈಕಲ್ ತಗೊಳ್ಳಿ ಎಂದು ತುಂಬ ಮರ್ಯಾದೆಯಿಂದ ಹೇಳಿತು.

ದೊಡ್ಡಮ್ಮ ಫೋನ್ ಇಟ್ಟು, "ಹೆಸರು ಮಾತ್ರ ದೊಡ್ಡದು. ಕಿವಿ ಚಿಕ್ಕದು," ಎಂದು ಮಂಚದ ಕೆಳಗಿನಿಂದ ಬಟ್ಟೆ ಎಳೆದಳು.

ಅವಳ ಮೊದಲ ಸೀಟು ಚೀಲದ ಹಾಗಾಯಿತು. ದೊಡ್ಡಪ್ಪ ಅದರೊಳಗೆ ಮುಳುಗಿದ, ಮಂಡಿ ಗದ್ದಕ್ಕೆ ತಾಗಿತು. ಎರಡನೆಯದು ನಗಾರಿಯಷ್ಟು ಬಿಗಿ, ರಸ್ತೆಯ ಪ್ರತಿ ಕಲ್ಲನ್ನೂ ಅವನ ಬೆನ್ನಿಗೆ ಹೆಸರು ಹೇಳಿ ಪರಿಚಯಿಸಿತು. ಆಮೇಲೆ ದೊಡ್ಡಮ್ಮ ಗಂಡನನ್ನು ನೆಲದ ಮೇಲೆ ಬೋರಲು ಮಲಗಿಸಿ, ಅಂಗೈಯಿಂದ ಬೆನ್ನನ್ನು ಮೇಲಿಂದ ಕೆಳಗೆ ಸವರಿ, ಎಲ್ಲಿ ಏರು, ಎಲ್ಲಿ ಇಳಿಜಾರು ಎಂದು ನೋಡಿಕೊಂಡಳು. ಮೂರನೆಯ ಸೀಟಿಗೆ ಸೊಂಟದ ಬಳಿ ಒಂದು ಬಿಗಿ, ಹೆಗಲ ಬಳಿ ಒಂದು ಸಡಿಲ. ಹಿಂದುಗಡೆ ಬೇಕಾದಂತೆ ಎಳೆದು ಕಟ್ಟುವ ಅಗಲ ಪಟ್ಟಿಗಳು. ಆ ಸೀಟಿನಲ್ಲಿ ಒರಗಿ ದೊಡ್ಡಪ್ಪ ಹೊಳೆದಂಡೆಯನ್ನು ಒಂದು ಸುತ್ತು ಹಾಕಿ ಬಂದು, ಇಳಿಯದೇ ಹಾಗೇ ಮಲಗಿದ್ದ.

"ಯಾಕ್ರೀ, ನೋವಾ?"

"ಇಲ್ವೇ. ಇಳಿಯೋಕೆ ಮನಸ್ಸಿಲ್ಲ."

ಆ ಸೀಟನ್ನು ಮೊದಲು ಗುರುತಿಸಿದವಳು ಸೇತುವೆಯ ಬಳಿ ಎದುರಾದ ಒಬ್ಬ ಎತ್ತರದ ಹೆಂಗಸು. ಅವಳೂ ಒರಗು ಸೈಕಲ್ಲಿನಲ್ಲಿದ್ದಳು. ದೊಡ್ಡಪ್ಪನನ್ನು ನಿಲ್ಲಿಸಿ, ಹೆಸರು ಊರು ಏನೂ ಕೇಳದೆ, ರಸ್ತೆಯಲ್ಲೇ ಮಂಡಿಯೂರಿ ಸೀಟಿನ ಅಡಿ ತಲೆ ತೂರಿಸಿ ನೋಡಿದಳು.

"ಇದನ್ನ ಹೊಲಿದವ್ರು ಯಾರು?"

"ನಮ್ಮ ಮನೆಯವ್ಳು. ಯಾಕಮ್ಮ, ಏನಾದ್ರೂ ತಪ್ಪಾ?"

"ತಪ್ಪೇ ಇಲ್ವಲ್ಲ, ಅದಕ್ಕೇ ಕೇಳ್ದೆ," ಎಂದಳು ಅವಳು. ಅವಳೇ ಮುರುಕು ಕಂಪನಿಯ ಬೆಸುಗೆಯಾಕೆ. ಕಂಪನಿ ಅಂದರೆ ಅವಳು ಮತ್ತು ಅವಳ ತಮ್ಮ, ಜೊತೆಗೆ ಇನ್ನು ಕೆಲವರು ಕೆಲಸಗಾರರು. ಅಕ್ಕ ಕೊಳವೆಗಳನ್ನು ಬೆಸೆದು ಸೈಕಲ್ಲಿನ ಚೌಕಟ್ಟು ಕಟ್ಟುತ್ತಿದ್ದಳು. ತಮ್ಮ ಮಾರಾಟ ನೋಡಿಕೊಳ್ಳುತ್ತಿದ್ದ.

ಸೀಟು ಹೊಲಿಯುವ ಕೆಲಸಕ್ಕೆ ದೊಡ್ಡಮ್ಮನಿಗೆ ಕರೆ ಬಂತು. ನಮ್ಮಮ್ಮ ತಲೆ ಚಚ್ಚಿಕೊಂಡಳು. "ಅಕ್ಕಾ, ಪರದೆ ಹೊಲ್ಕೊಂಡು ಮರ್ಯಾದೆಯಾಗಿದ್ದೀಯ. ಹೋಗಿ ಹೋಗಿ ಆ ಮುರುಕು ಕಂಪನಿಗಾ?"

"ನೋಡ್ಕೊಂಡು ಬರ್ತೀನಿ. ನೋಡಿದ್ರೆ ನಾನೇನು ಮುರಿದುಹೋಗ್ತೀನಾ?"

ಅದು ಹಳೆಯ ಮಂಜುಗಡ್ಡೆ ಕಾರ್ಖಾನೆಯ ಕಟ್ಟಡ. ಗೋಡೆಗಳು ಮೊಳದಷ್ಟು ದಪ್ಪ, ಬೇಸಿಗೆಯಲ್ಲೂ ಒಳಗೆ ತಂಪು. ಒಂದು ಕಡೆ ಬೆಸುಗೆಯ ನೀಲಿ ಬೆಳಕು, ಒಂದು ಕಡೆ ಬಣ್ಣದ ವಾಸನೆ, ಸೂರಿನಿಂದ ನೇತುಬಿದ್ದ ಚಕ್ರಗಳು. ದೊಡ್ಡಮ್ಮ ಕೂರುವ ಮೊದಲೇ ಕೇಳಿದಳು: "ನಿಮ್ಮ ಸೈಕಲ್ ಮುರಿಯುತ್ತಂತೆ. ಹೌದಾ?"

ತಮ್ಮ ಬಾಯಿ ತೆರೆದ. ಅಕ್ಕ ಅವನಿಗಿಂತ ಮೊದಲೇ ಹೇಳಿದಳು: "ಶುರುವಿನಲ್ಲಿ ಮುರಿದಿದ್ವು. ನಡುವಿನ ಕೊಳವೆ ತೆಳುವಾಗಿತ್ತು. ದಪ್ಪದ್ದು ಹಾಕಿದ್ವಿ, ಹಳೇದನ್ನೆಲ್ಲ ಬದಲಾಯಿಸಿಕೊಟ್ವಿ. ಆಮೇಲೆ ಒಂದೂ ಮುರಿದಿಲ್ಲ. ಸೈಕಲ್ ರಿಪೇರಿ ಆಯ್ತು, ಹೆಸರು ಮಾತ್ರ ಆಗ್ಲಿಲ್ಲ."

ಮುಚ್ಚಿಡದ ಆ ಮಾತು ದೊಡ್ಡಮ್ಮನಿಗೆ ಹಿಡಿಸಿತು. ಕಿಟಕಿ ಇರುವ ಮೂಲೆ ಕೇಳಿದಳು, ಕೊಟ್ಟರು. ದಪ್ಪ ಬಟ್ಟೆಗೆಂದೇ ಇರುವ ಗಟ್ಟಿ ಯಂತ್ರ ಕೇಳಿದಳು, ಅದೂ ಬಂತು.

ಅಲ್ಲಿಂದ ಅವಳ ಬದುಕಿನ ಒಳ್ಳೆಯ ವರ್ಷಗಳು. ಸೈಕಲ್ ಕೊಳ್ಳಲು ಬಂದವರನ್ನು ಅವಳು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬೆನ್ನು ನೋಡುತ್ತಿದ್ದಳು. "ಬೆನ್ನಿಗೂ ಒಂದು ಮುಖ ಇರುತ್ತೆ," ಅನ್ನುತ್ತಿದ್ದಳು. "ಎದುರಿನ ಮುಖ ಸುಳ್ಳು ಹೇಳಬಹುದು, ಇದು ಹೇಳಲ್ಲ." ಅವಳ ಜೊತೆ ಮಾರುಕಟ್ಟೆಗೆ ಹೋದರೆ ನನಗೆ ಮುಜುಗರವೋ ಮುಜುಗರ. ಮುಂದೆ ಹೋಗುತ್ತಿದ್ದವರ ಬೆನ್ನು ಕಂಡು, "ನಮ್ಮ ಹಸಿರು ಸೀಟಿನವ್ರು!" ಎಂದು ಕೂಗಿಬಿಡುತ್ತಿದ್ದಳು. ತಿರುಗಿ ನೋಡಿದರೆ ಅವರೇ ಆಗಿರುತ್ತಿದ್ದರು. ಒಮ್ಮೊಮ್ಮೆ ಅವರಲ್ಲ, ಪಾಪ, ಬೇರೆ ಯಾರೋ. ಆಗ ನಾನು ಈರುಳ್ಳಿ ಆರಿಸುವುದರಲ್ಲಿ ಮಗ್ನಳಾಗುತ್ತಿದ್ದೆ.

ದೊಡ್ಡಪ್ಪನೂ ಸುಮ್ಮನಿರಲಿಲ್ಲ. ತಯಾರಾದ ಸೈಕಲ್ಲುಗಳನ್ನು ಹೊಳೆದಂಡೆಯಲ್ಲಿ ಓಡಿಸಿ ನೋಡುವ ಕೆಲಸ ಅವನದಾಯಿತು. ನಿಧಾನವಾಗಿ, ಜನ ಮುರುಕು ಅನ್ನುವುದು ಕಡಿಮೆಯಾಯಿತು. 'ಸೀಟು ಚೆನ್ನಾಗಿರುತ್ತಂತೆ' ಎಂಬ ಮಾತು ಅಲ್ಲಲ್ಲಿ ಕೇಳತೊಡಗಿತು. ತಮ್ಮನ ನಡಿಗೆಯಲ್ಲಿ ಸ್ವಲ್ಪ ಎದೆ ಮುಂದೆ ಬಂತು.

ಅಂಥ ಹೊತ್ತಿನಲ್ಲೇ ಒಂದು ಮಧ್ಯಾಹ್ನ ದೊಡ್ಡಪ್ಪ ತನ್ನ ಸೈಕಲ್ಲಿನಿಂದ ಇಳಿದು, "ಸೀಟು ಮಾತಾಡ್ತಿದೆ," ಎಂದ. ಅದು ದೊಡ್ಡಮ್ಮ ಆ ಬೇಸಿಗೆಯ ಮೊದಲಲ್ಲಿ ಹೊಲಿದುಕೊಟ್ಟ ಹೊಸ ಸೀಟು.

"ಸೀಟಲ್ಲ, ನಿಮ್ಮ ಕೀಲು. ಎಣ್ಣೆ ಹಚ್ಕೊಳ್ಳಿ."

"ನನ್ನ ಕೀಲಿನ ಸದ್ದು ನನಗೆ ಗೊತ್ತಿಲ್ವಾ? ಅದು ಕಟ್ ಅನ್ನುತ್ತೆ. ಇದು ಟಿಕ್ ಅಂತಿದೆ."

ದೊಡ್ಡಮ್ಮ ಚಹಾ ಲೋಟ ಕೆಳಗಿಟ್ಟು ಸೀಟಿನ ಹಿಂದೆ ಹೋದಳು. ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಟಿಕ್. ಕತ್ತರಿಯ ತುದಿಯಿಂದ ಒಂದು ನೂಲು ಎಬ್ಬಿಸಿ ಎಳೆದಳು. ಒಣಗಿದ ಹುಲ್ಲಿನ ಹಾಗೆ ತುಂಡಾಯಿತು. ಮತ್ತೊಂದು ಎಳೆದಳು, ಅದೂ ತುಂಡು.

ಆ ವರ್ಷ ನೂಲು ಕೊಡುವವರು ಬೇರೆ ಬಗೆಯ ನೂಲು ಕಳಿಸಿದ್ದರು. ಬಣ್ಣ ಅದೇ, ದಪ್ಪ ಅದೇ, ಸುರುಳಿಯ ಮೇಲಿನ ಚೀಟಿಯೂ ಅದೇ. ಬಿಸಿಲಿಗೆ ಒಡ್ಡಿಕೊಂಡ ಮೇಲಷ್ಟೇ ಅದರ ಗುಣ ತಿಳಿಯಿತು. ಆ ಹಂಗಾಮಿನ ಸೀಟುಗಳೆಲ್ಲ ಅದರಲ್ಲೇ ಹೊಲಿದವು, ಎಲ್ಲವೂ ಮಾರಾಟವಾಗಿ ಊರ ತುಂಬ ಓಡಾಡುತ್ತಿದ್ದವು.

ಮಾರನೆಯ ಬೆಳಿಗ್ಗೆ ಮಂಜುಗಡ್ಡೆ ಕಾರ್ಖಾನೆಯಲ್ಲಿ ಅಕ್ಕ, ತಮ್ಮ, ದೊಡ್ಡಮ್ಮ ಮೂವರೂ ಆ ನೂಲಿನ ಮುಂದೆ ನಿಂತರು.

"ಈಗ ತಾನೆ ಜನ ಮುರುಕು ಅನ್ನೋದನ್ನ ಮರೀತಿದ್ದಾರೆ," ಎಂದ ತಮ್ಮ. "ಇನ್ನೂ ಯಾರ ಸೀಟೂ ಹರಿದಿಲ್ಲ. ಹರಿದು ಬಂದವರಿಗೆ ಸದ್ದಿಲ್ದೆ ಹೊಲಿದುಕೊಡೋಣ. ಯಾರೂ ಕೇಳದೇ ಇರುವಾಗ ಕುಂಬಳಕಾಯಿ ಕಳ್ಳನ ಹಾಗೆ ನಾವೇ ಹೆಗಲು ಮುಟ್ಟಿ ನೋಡ್ಕೊಳ್ಳೋದಾ?"

ಬೆಸುಗೆಯಾಕೆ ದೊಡ್ಡಮ್ಮನ ಕಡೆ ನೋಡಿದಳು.

"ಮಾಮೂಲಿ ಸೈಕಲ್ಲಾದ್ರೆ ಕೆಳಗೆ ಏನಾಗ್ತಿದೆ ಅಂತ ಬಗ್ಗಿ ನೋಡಬಹುದು," ಎಂದಳು ದೊಡ್ಡಮ್ಮ. "ಇದರಲ್ಲಿ ಒರಗಿದವರಿಗೆ ಬೆನ್ನ ಹಿಂದೆ ಕಾಣಲ್ಲ. ನಂಬಿ ಒರಗಿದ್ದಾರೆ. ಇಳಿಜಾರಲ್ಲಿ ಹೋಗುವಾಗ ಹರಿದ್ರೆ? ನಂಗೆ ನಿದ್ದೆ ಬರಲ್ಲಪ್ಪ. ನಿಮಗೆ ಬರುತ್ತೆ ಅಂದ್ರೆ ಹೇಳಿ."

ತಮ್ಮ ತಾನೇ ಒಂದು ನೂಲು ಎಳೆದು ನೋಡಿದ, ಅದೂ ತುಂಡಾಯಿತು. ಆಮೇಲೆ ಫೋನ್ ಎತ್ತಿಕೊಂಡ. ಹೆದರುಪುಕ್ಕಲನಾದರೂ ಅವನು ಕೆಟ್ಟವನಲ್ಲ.

ಅವನು ಒಬ್ಬೊಬ್ಬರಿಗೂ ಹೇಳಿದ: ನಿಮ್ಮ ಸೀಟಿನ ಹೊಲಿಗೆ ಸರಿಯಿಲ್ಲ, ಓಡಿಸಬೇಡಿ, ತಂದುಕೊಡಿ, ಹೊಸದಾಗಿ ಹೊಲಿದುಕೊಡುತ್ತೇವೆ. ಬಯ್ಗುಳಕ್ಕೆ ಅವನು ತಯಾರಾಗಿದ್ದ. ಆದರೆ ಬಂದದ್ದು ಅನುಮಾನ!

"ಕಂಪನಿಯವ್ರೇ ಫೋನ್ ಮಾಡಿ ನಮ್ಮದು ಕೆಟ್ಟಿದೆ ಅಂತಾರಾ? ಯಾರ್ರೀ ನೀವು?"

"ನಾನು ಕಂಪನಿಯವ್ನೇ ಸ್ವಾಮೀ."

"ಇದು ಯಾವುದೋ ಹೊಸ ಥರದ ಮೋಸ. ಸೀಟು ಬಿಚ್ಚಿಸಿ ಸೈಕಲ್ ಹೊಡ್ಕೊಂಡು ಹೋಗ್ತೀರಿ," ಎಂದು ಒಬ್ಬರು ಇಟ್ಟೇಬಿಟ್ಟರು. ಇನ್ನೊಬ್ಬರು, "ನನ್ನ ಸೀಟು ಚೆನ್ನಾಗೇ ಇದೆ, ನೀವ್ಯಾಕೆ ಹೊಟ್ಟೆ ಉರ್ಕೋತೀರಿ?" ಎಂದರು. ಒಬ್ಬ ವಯಸ್ಸಾದ ಸಂಗೀತದ ಮೇಷ್ಟ್ರಮ್ಮ ಅವನ ಮಾತು ಪೂರ್ತಿ ಕೇಳಿ, "ನಿಮ್ಮ ತಾಯಿಗೆ ಇದೆಲ್ಲ ಗೊತ್ತಾ?" ಎಂದು ಫೋನ್ ಇಟ್ಟರು.

ತಮ್ಮ ತಲೆ ಹಿಡಿದು ಕೂತ. ದೊಡ್ಡಪ್ಪ ಎದ್ದು ಕಂಪನಿಯ ವ್ಯಾನಿನ ಕೀಲಿ ಕೇಳಿದ.

"ನಿಮ್ಮ ಕತ್ತು?" ಎಂದಳು ದೊಡ್ಡಮ್ಮ.

"ಕತ್ತು ತಿರುಗಿಸೋಕೆ ನೀನು ಪಕ್ಕದಲ್ಲಿ ಕೂತ್ಕೋ. ಇಷ್ಟು ದಿನ ನಾನು ನಿನ್ನ ಪಕ್ಕ ಕೂತು ದಾರಿ ಹೇಳಿಲ್ವಾ?"

ಹೀಗೆ ಅವರಿಬ್ಬರೂ ಮನೆ ಮನೆಗೆ ಹೊರಟರು. ಕಡ್ಡಿಯ ಹಾಗೆ ಮುರಿಯುವ ಆ ನೂಲನ್ನು ಕೈಯಲ್ಲಿ ಹಿಡಿದು ತೋರಿಸಿದರೆ ಜನ ನಂಬುತ್ತಿದ್ದರು. ಮೇಷ್ಟ್ರಮ್ಮ ಮಾತ್ರ ಬಾಗಿಲಿನ ಸರಪಳಿ ತೆಗೆಯಲಿಲ್ಲ. ಸಂದಿಯಿಂದ ಒಂದು ಕಣ್ಣು, ಒಂದು ಕನ್ನಡಕದ ಗಾಜು.

"ಫೋನ್ ಮಾಡಿದ ಕಳ್ಳರು ನೀವೇನಾ?"

"ಹೌದಮ್ಮ," ಎಂದ ದೊಡ್ಡಪ್ಪ. "ಸೈಕಲ್ ನಿಮ್ಮ ಹತ್ರಾನೇ ಇರ್ಲಿ. ಹಿಂದಿನ ಅಂಚನ್ನ ಬೆರಳಲ್ಲಿ ಒಮ್ಮೆ ಎಳೆದು ನೋಡಿ ಸಾಕು. ನಾವು ಇಲ್ಲೇ ಮೆಟ್ಟಿಲ ಮೇಲೆ ಕೂತಿರ್ತೀವಿ."

ಒಳಗೆ ಹೆಜ್ಜೆ ದೂರವಾಯಿತು. ಸ್ವಲ್ಪ ಹೊತ್ತಿಗೆ ಪರ್ರ್ ಎಂಬ ಸದ್ದು, ಆಮೇಲೆ "ಅಯ್ಯೋ!" ಸರಪಳಿ ಬಿಚ್ಚಿಕೊಂಡಿತು. ಊರಿಗೆಲ್ಲ ಅದೊಂದೇ ಸೀಟು ಪೂರ್ತಿ ಹರಿಯುವ ಹಂತಕ್ಕೆ ಬಂದಿದ್ದದ್ದು. ಮೇಷ್ಟ್ರಮ್ಮ ದಿನವೂ ಗುಡ್ಡದ ಮೇಲಿನ ಶಾಲೆಯಿಂದ ಅದರಲ್ಲೇ ಇಳಿದು ಬರುತ್ತಿದ್ದರು. ದೊಡ್ಡಮ್ಮ ಹರಿದ ಅಂಚನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಮೇಷ್ಟ್ರಮ್ಮ ಚಹಾ ತಂದುಕೊಟ್ಟು, "ಕಳ್ಳರಿಗೆ ಸಕ್ಕರೆ ಎಷ್ಟು?" ಎಂದು ಕೇಳಿದರು.

ಮುಂದಿನ ಭಾನುವಾರ ಕಾರ್ಖಾನೆಯ ಅಂಗಳದಲ್ಲಿ ಜಾತ್ರೆಯಷ್ಟು ಜನ. ನಾನೂ ಹೋಗಿದ್ದೆ, ಹಳೆಯ ನೂಲು ಬಿಚ್ಚಿಕೊಡಲು. ಸೀಟು ಕಳಚಿದ ಸೈಕಲ್ಲುಗಳು ಮೀನಿನ ಮುಳ್ಳಿನ ಹಾಗೆ ಸಾಲಾಗಿ ಒರಗಿದ್ದವು. ದೊಡ್ಡಮ್ಮನ ಯಂತ್ರ ನಿಲ್ಲದೇ ಓಡಿತು. ಹೊಸ ನೂಲನ್ನು ಅವಳು ಮೊದಲೇ ಬಿಸಿಲಿಗೆ ಹಾಕಿ, ಒದ್ದೆ ಮಾಡಿ, ಹಲ್ಲಿನಲ್ಲಿ ಕಚ್ಚಿ ಎಳೆದು ನೋಡಿದ್ದಳು. ಪ್ರತಿ ಅಂಚಿಗೂ ಜೋಡಿ ಹೊಲಿಗೆ. ಕಾಯುವವರು ಖಾಲಿ ಡಬ್ಬಗಳ ಮೇಲೆ, ಹಲಗೆಗಳ ಮೇಲೆ ಕೂತರು. ಹೊಳೆದಂಡೆಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋಗುತ್ತಿದ್ದವರೇ ಇವರು. ಕಾಲು ಮುಂದೆ, ತಲೆ ಹಿಂದೆ ಮಾಡಿಕೊಂಡು ಹೋಗುವಾಗ ಯಾರು ಯಾರನ್ನು ಮಾತಾಡಿಸಿಯಾರು? ಅಂದು ಮೊದಲ ಸಲ ಮಾತಿಗೆ ಸಿಕ್ಕಿದರು. ಯಾರ ಸೊಂಟ ಹೇಗೆ ಹಿಡಿದಿತ್ತು, ಯಾರನ್ನು ನಾಯಿ ಅಟ್ಟಿಸಿಕೊಂಡು ಬಂದಿತ್ತು, ಮೊದಲ ದಿನ ಯಾರು ಯಾವ ಪೊದೆಗೆ ಬಿದ್ದರು, ಇವೇ ಮಾತು. ಮೇಷ್ಟ್ರಮ್ಮ ಹಾಡಿದರು. ಬೆಸುಗೆಯಾಕೆ ಬೆಸುಗೆ ನಿಲ್ಲಿಸಿ ಎಲ್ಲರಿಗೂ ಚಹಾ ಹಂಚಿದಳು, ಅದರ ರುಚಿ ಕೆಟ್ಟದಾಗಿತ್ತು, ಯಾರೂ ಹೇಳಲಿಲ್ಲ. ಬಯ್ಯಲೆಂದೇ ಬಂದಿದ್ದ ಒಬ್ಬ ಮನುಷ್ಯ ಸರದಿ ಬರುವ ಹೊತ್ತಿಗೆ ಬಯ್ಯುವುದನ್ನೇ ಮರೆತು, ಪಕ್ಕದವನ ಜೊತೆ ಹೊಳೆಯಾಚೆಗಿನ ದಾರಿಯ ಬಗ್ಗೆ ವಾದಕ್ಕಿಳಿದಿದ್ದ.

ಸಂಜೆ ಅಂಗಳ ಖಾಲಿಯಾದ ಮೇಲೆ ತಮ್ಮ ದೊಡ್ಡಮ್ಮನ ಎದುರು ಬಂದು ನಿಂತು, "ನಿಮ್ಮ ಮಾತು ಕೇಳಿದ್ದು ಒಳ್ಳೇದಾಯ್ತು," ಎಂದ.

"ನಿಮ್ಮ ಫೋನ್ ಕೇಳಿ ಯಾರೂ ಬರ್ಲಿಲ್ವಲ್ಲ, ಅದೂ ಒಳ್ಳೇದಾಯ್ತು. ಬಹಳ ದಿನದ ಮೇಲೆ ನನ್ನ ಗಂಡ ಊರು ಸುತ್ತಿಸಿದ," ಎಂದಳು ಅವಳು.

ಹೆಸರಿನ ಕಥೆ ಏನಾಯಿತು ಎಂದರೆ, ಒಂದೇ ದಿನಕ್ಕೆ ಏನೂ ಆಗಲಿಲ್ಲ. ಕೆಲವರು 'ಮುರುಕು' ಬಿಟ್ಟು 'ಹರುಕು ಕಂಪನಿ' ಅಂದರು, ತಮ್ಮ ಎರಡು ದಿನ ಊಟ ಬಿಟ್ಟ. ಆದರೆ ಕೆಲವು ತಿಂಗಳಾದ ಮೇಲೆ ನನ್ನ ಗೆಳತಿಗೆ ಸೈಕಲ್ ನೋಡಲು ಅದೇ ದೊಡ್ಡ ಅಂಗಡಿಗೆ ಹೋಗಿದ್ದೆ. ನಾನು ಯಾರೆಂದು ಅಂಗಡಿಯವನಿಗೆ ಗೊತ್ತಿರಲಿಲ್ಲ. ಬಸವನಹುಳು ಹೇಗೆ ಎಂದು ಕೇಳಿದೆ.

"ಅವರಾ?" ಎಂದು ಅವನು ಕತ್ತು ಕೆರೆದುಕೊಂಡ. "ಕೊಕ್ಕರೆಯಷ್ಟು ನಯವಿಲ್ಲ, ಬಣ್ಣ ಅಷ್ಟಕ್ಕಷ್ಟೇ. ಆದ್ರೆ ಒಂದು. ಅವರದ್ದೇನಾದ್ರೂ ಕೆಟ್ಟರೆ ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತೆ, ಮನೆಗೇ ಬಂದು ಹೇಳ್ತಾರೆ. ಆ ಮಲಗಿದ ಡ್ರೈವರ್ ಬಂದು ಮೆಟ್ಟಿಲ ಮೇಲೆ ಕೂತುಬಿಡ್ತಾನೆ, ಎದ್ದು ಹೋಗೋನೇ ಅಲ್ಲ."

ಇದನ್ನು ಹೇಳಿದಾಗ ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಣ್ಣದ ಮಾತನ್ನು ಮಾತ್ರ ಬೆಸುಗೆಯಾಕೆಗೆ ಮುಟ್ಟಿಸಿದಳು, ಅದು ನಿಜವಾಗಿತ್ತು.

ಈಗ ಅವಳ ಕೈಕೆಳಗೆ ಇನ್ನಿಬ್ಬರು ಹೆಂಗಸರು ಹೊಲಿಯುತ್ತಾರೆ. ಹೋದ ವರ್ಷದವರೆಗೆ ದೊಡ್ಡಮ್ಮ ಒಂದು ದಿನವೂ ಒರಗು ಸೈಕಲ್ ಹತ್ತಿರಲಿಲ್ಲ. ಬೀಳುತ್ತೇನೆಂಬ ಹೆದರಿಕೆ. ಕೊನೆಗೆ ಬೆಸುಗೆಯಾಕೆಯೇ ಅವಳಿಗೆಂದು ಮೂರು ಚಕ್ರದ್ದೊಂದು ಕಟ್ಟಿದಳು. ಸೀಟು ಹೊಲಿಯಲು ಅವಳ ಬೆನ್ನು ನೋಡುವವರು ಯಾರು? ದೊಡ್ಡಪ್ಪ ಮುಂದೆ ಬಂದ. ಅಂಗೈಯಿಂದ ಸವರಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಅವನು ಹೇಳಿದಂತೆ ಅವಳ ಕೈಕೆಳಗಿನವರು ಹೊಲಿದರು. ಸೊಂಟದ ಬಳಿ ಅವನ ಲೆಕ್ಕ ತಪ್ಪಿದೆ, ಸ್ವಲ್ಪ ಜೋಲು ಬಿದ್ದಿದೆ. ಅವಳು ಅದನ್ನು ಸರಿ ಮಾಡಿಕೊಂಡಿಲ್ಲ.

ಬೆಳಿಗ್ಗೆ ಹೊತ್ತು ಹೊಳೆದಂಡೆಗೆ ಹೋದರೆ ಅವರಿಬ್ಬರೂ ಸಿಗುತ್ತಾರೆ. ದೊಡ್ಡಪ್ಪ ಮುಂದೆ, ಗುಂಡಿ ಬಂದರೆ ಕೂಗಿ ಹೇಳುತ್ತಾನೆ. ದೊಡ್ಡಮ್ಮ ಹಿಂದೆ, ಆಕಾಶ ನೋಡುತ್ತ, ಅವನು ಹೇಳಿದ ಗುಂಡಿಯ ಮೇಲೇ ಹಾಯಿಸಿಕೊಂಡು ಬರುತ್ತಾಳೆ.